‘ವಸಂತಸೇನೆ’ ಕನ್ನಡದ ಮೊದಲ ಸಿನಿಮಾ ಅಲ್ಲವೇ?

ಪ್ರಶ್ನೆ: ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ ‘ವಸಂತಸೇನೆ’ಯೇ ಕನ್ನಡದ ಮೊದಲ ಸಿನಿಮಾ ತಾನೆ? ಅದನ್ನು ಎಲ್ಲಿ ನೋಡಬಹುದು?

ಎರಡನೆಯದಕ್ಕೆ ಮೊದಲು ಉತ್ತರ: ಎಲ್ಲೂ ನೋಡಲಾಗದು, ಪ್ರತಿ ಉಳಿದಿಲ್ಲ. 1941ರಲ್ಲಿ ಅದೇ ಹೆಸರಿನ ಟಾಕಿ, ಅಂದರೆ ಮಾತಿನ ಚಿತ್ರ, ಬಂತು, ದಯವಿಟ್ಟು ಎರಡನ್ನೂ ಕಲಸಬೇಡಿ.

ಇನ್ನು ಮೊದಲನೆಯದು. ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಅದು ಮೂಕಿ. ಮೂಕಿಗೆ ಯಾವ ಭಾಷೆ ಸ್ವಾಮಿ? ಕಥೆ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ್ದು, 1930ರ ಆಸುಪಾಸಿನಲ್ಲಿ ತೆಗೆದವರು ಸಿಂಧ್ ಕಡೆಯ ಮೋಹನ ಭವನಾನಿ. ಆ ಕಾಲದ ಮೂಕಿಗಳಲ್ಲಿ ದೃಶ್ಯಗಳ ನಡುವೆ ಅಕ್ಷರದ ಫಲಕ ಬರುತ್ತಿತ್ತು. ಒಂದೇ ಫಲಕದಲ್ಲಿ ಮೂರ್ನಾಲ್ಕು ಲಿಪಿಗಳನ್ನು ಒತ್ತೊತ್ತಾಗಿ ತುರುಕುವುದೂ ಇತ್ತು. ಓದಲು ಬಾರದವರಿಗೆ ಪರದೆಯ ಪಕ್ಕ ನಿಂತವನೊಬ್ಬ ಜೋರಾಗಿ ಓದಿ ಹೇಳುತ್ತಿದ್ದ. ಕನ್ನಡವೇನಾದರೂ ಕೇಳಿಸಿದ್ದರೆ ಅವನ ಬಾಯಿಂದ, ರೀಲಿನಿಂದ ಅಲ್ಲವೇ ಅಲ್ಲ.

“ನಟರು ನಮ್ಮವರಲ್ಲವೇ?” ಎಂಬುದು ಮುಂದಿನ ಬಾಣ. ನಮ್ಮವರೇ, ಯಾರು ಇಲ್ಲವೆಂದರು! ಆದರೆ ನಟರನ್ನು ನೋಡಿ ಭಾಷೆ ಹೇಳುವುದಾದರೆ ಫಜೀತಿ. ಮನೆಮಾತು ಹಿಡಿದು ಹೊರಟರೆ ಕೈಲಾಸಂ ತಮಿಳು, ಮಂಗಳೂರಿನ ಕಮಲಾದೇವಿ ಕೊಂಕಣಿ! ಪರದೆಯಿಂದಲೇ ಕನ್ನಡ ಕೇಳಿಸಿದ್ದು 1934ರಲ್ಲಿ, ‘ಸತಿ ಸುಲೋಚನ’ದಲ್ಲಿ. ‘ಮೊದಲ’ ಪಟ್ಟ ಕೊಡಲೇಬೇಕೆಂದಿದ್ದರೆ ಅದಕ್ಕೆ ಕೊಡಿ.

‘ವಸಂತಸೇನೆ’ಯ ಪ್ರತಿ ಕಳೆದದ್ದು ಹೇಗೆ? ಆಗಿನದು ನೈಟ್ರೇಟ್ ಫಿಲಮ್ಮು. ಕಿಡಿ ತಾಗಿದರೆ ಧಗ್ಗೆನ್ನುತ್ತದೆ, ಹಾಗೇ ಇಟ್ಟರೆ ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. ಓಡಿ ಸವೆದ ರೀಲುಗಳನ್ನು ಬೆಳ್ಳಿ ತೆಗೆಯಲು ತೂಕಕ್ಕೆ ಹಾಕಿದವರೂ ಉಂಟು. ಪುಣೆಯಲ್ಲಿ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಷ್ಟರಲ್ಲಿ ಮೂಕಿಗಳ ಬಹುಪಾಲು ಹೋಗಿಯಾಗಿತ್ತು.

ನೀವು ಕೇಳದಿದ್ದರೂ ನನ್ನನ್ನು ಕಾಡುವುದು ಬೇರೊಂದು. ಕೈಲಾಸಂ ಹಾಕಿದ್ದು ಶಕಾರನ ವೇಷ, ಅಂದರೆ ಆ ನಾಟಕದ ಖಳ, ರಾಜನ ಭಾವಮೈದುನ. ಶಕಾರ ಅಂದರೆ ಬರೀ ನಾಲಿಗೆ. ‘ಸ’ ಬರಬೇಕಾದಲ್ಲೆಲ್ಲ ‘ಶ’ ಅನ್ನುತ್ತಾನೆ, ಹೆಸರು ಅಂಟಿದ್ದೇ ಅದರಿಂದ. ಪುರಾಣ ಬೇರೆ ಬಿಡುತ್ತಾನೆ: ಹನುಮಂತ ಸುಭದ್ರೆಯನ್ನು ಹೊತ್ತೊಯ್ದನಂತೆ, ಕುಂತಿ ರಾವಣನ ವಶವಾದಳಂತೆ! ಈ ಪೆದ್ದು ಪಾಂಡಿತ್ಯವನ್ನು ತುಟಿಯಾಡಿಸಿಯೂ ಸದ್ದಿಲ್ಲದೆ ಆಡಬೇಕು, ಅದೂ ಮಾತಿಗೇ ಹೆಸರಾದ ಕೈಲಾಸಂ! ಹುಬ್ಬು ಹಾರಿಸಿದರೋ, ಭುಜ ಕುಣಿಸಿದರೋ?

ನಾಯಕಿ ಏಣಾಕ್ಷಿ ರಾಮರಾವ್ ಅವರನ್ನಾದರೂ 1928ರ ‘ಶಿರಾಜ್’ನಲ್ಲಿ ಮುಮ್ತಾಜ್ ಆಗಿ ಈಗಲೂ ನೋಡಬಹುದು, ಆ ಮೂಕಿ ಉಳಿದಿದೆ. ಕೈಲಾಸಂರ ಶಕಾರನಿಗೆ ಆ ಪುಣ್ಯವಿಲ್ಲ.