ಗ್ಯಾಸ್ ಬಾಯ್ಲರಿನ ಅಪಾಯಕಾರಿ ದೋಷಗಳನ್ನು ಪತ್ತೆಹಚ್ಚುವುದು: ಒಂದು ಅಧ್ಯಯನ ಟಿಪ್ಪಣಿ

ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸದ ತರಬೇತಿ ಪಡೆಯುತ್ತಿರುವ ಕನ್ನಡದ ಸಹಪಾಠಿಗಳಿಗಾಗಿ ಈ ಟಿಪ್ಪಣಿ ಬರೆದಿದ್ದೇನೆ. ಇಲ್ಲಿಯ ಬಹುಪಾಲು ಮನೆಗಳಲ್ಲಿ ಚಳಿಗಾಲದ ಬೆಚ್ಚನೆಗೂ ಸ್ನಾನದ ಬಿಸಿನೀರಿಗೂ ಗ್ಯಾಸ್ ಬಾಯ್ಲರೇ ಆಧಾರ. ತಾನಾಗಿ ನಿಂತು ದೋಷಸಂಕೇತ ತೋರಿಸುವ ಬಾಯ್ಲರ್ ಮನೆಯವರಿಗೆ ತೊಂದರೆ ಕೊಡುತ್ತದೆ ನಿಜ, ಆದರೆ ಬಹಳ ಸಲ ಅದು ತನ್ನ ಕರ್ತವ್ಯವನ್ನೇ ಮಾಡಿರುತ್ತದೆ. ನಾವು ಹೆಚ್ಚು ಭಯಪಡಬೇಕಾದದ್ದು ನೀರು ಕಾಯಿಸುತ್ತಲೇ, ಯಾರಿಗೂ ಅನುಮಾನ ಬಾರದಂತೆ ವಿಷಾನಿಲವನ್ನು ಮನೆಯೊಳಗೆ ಬಿಡುವ ಬಾಯ್ಲರಿಗೆ. ಈ ವ್ಯತ್ಯಾಸ ಮನಸ್ಸಿನಲ್ಲಿ ನಿಂತರೆ ಮುಂದಿನ ಪರೀಕ್ಷೆಗಳ ಅರ್ಥ ತಾನಾಗಿ ತಿಳಿಯುತ್ತದೆ.

ಮೊದಲು ದಹನವನ್ನು ಸರಿಯಾಗಿ ಅರಿಯೋಣ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್. ಒಂದು ಪಾಲು ಮೀಥೇನ್ ಪೂರ್ತಿ ಉರಿಯಲು ಎರಡು ಪಾಲು ಆಮ್ಲಜನಕ, ಅಂದರೆ ಸುಮಾರು ಹತ್ತು ಪಾಲು ಗಾಳಿ ಬೇಕು. ಆಗ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಗಾಳಿ ಕಡಿಮೆಯಾದರೆ, ಗ್ಯಾಸ್ ಮಿತಿಮೀರಿದರೆ, ಅಥವಾ ಉರಿದ ಅನಿಲ ಹೊರಹೋಗದೆ ಜ್ವಾಲೆಗೇ ಮರಳಿ ಬಂದರೆ ಇಂಗಾಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ನಮ್ಮ ಹಳೆಯ ಮನೆಗಳ ಬಚ್ಚಲೊಲೆಗೆ ಹಸಿ ಸೌದೆ ತುಂಬಿದರೆ ಹಂಡೆಯ ಸುತ್ತ ಹೊಗೆ ಕವಿದು, ಕಣ್ಣುರಿದು, ಕೆಮ್ಮು ಬಂದು ಒಳಗಿದ್ದವರು ತಾವೇ ಹೊರಗೆ ಓಡಿಬರುತ್ತಿದ್ದರು. ಅಲ್ಲಿಯೂ ಇದೇ ವಿಷ ಹುಟ್ಟುತ್ತಿತ್ತು, ಆದರೆ ಅದರ ಜೊತೆಗೆ ಎಚ್ಚರಿಸುವ ಹೊಗೆಯೂ ಇರುತ್ತಿತ್ತು. ಗ್ಯಾಸ್ ಜ್ವಾಲೆಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಸೋರಿಕೆ ತಿಳಿಯಲೆಂದು ಅನಿಲಕ್ಕೆ ಬೆರೆಸುವ ದುರ್ವಾಸನೆಯೂ ಉರಿಯುವಾಗ ಸುಟ್ಟುಹೋಗುತ್ತದೆ. ಆದ್ದರಿಂದ ‘ಗ್ಯಾಸ್ ವಾಸನೆ ಏನೂ ಇಲ್ಲವಲ್ಲ’ ಎಂದು ಮನೆಯವರು ಹೇಳಿದರೆ ಅದನ್ನು ಸುರಕ್ಷತೆಯ ಸಾಕ್ಷಿಯೆಂದು ತೆಗೆದುಕೊಳ್ಳಬಾರದು.

ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಸುಸ್ತು ಎಂಬ ಲಕ್ಷಣಗಳು ಚಳಿಗಾಲದ ಫ್ಲೂ ಜ್ವರದಂತೆಯೇ ಕಾಣುವುದರಿಂದ ಮನೆಯವರು ಕಿಟಕಿ ಮುಚ್ಚಿ, ಬಾಯ್ಲರ್ ಇನ್ನಷ್ಟು ಜೋರು ಮಾಡಿ ಮಲಗುತ್ತಾರೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು ಬರುತ್ತದೆಯೇ, ಹೊರಗೆ ಹೋದಾಗ ಕಡಿಮೆಯಾಗುತ್ತದೆಯೇ, ನಾಯಿ ಬೆಕ್ಕುಗಳೂ ಮಂಕಾಗಿವೆಯೇ ಎಂದು ಉಪಕರಣದ ಚೀಲ ಬಿಚ್ಚುವ ಮೊದಲೇ ಕೇಳಬೇಕು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಈ ವಿಷ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ, ಹಾಗಾಗಿ ಅದರ ಅಂಕಿಯನ್ನು ನಂಬಿ ಕೂರುವಂತಿಲ್ಲ.

ಪತ್ತೆಯ ಕೆಲಸದಲ್ಲಿ ನನಗೆ ಒಗ್ಗಿದ ಕ್ರಮವೆಂದರೆ ಗಾಳಿ, ಗ್ಯಾಸ್, ಜ್ವಾಲೆ, ಹೊರಹೋಗುವ ಅನಿಲ ಇವುಗಳ ದಾರಿಯನ್ನು ಒಂದಾದ ಮೇಲೊಂದು ಹಿಂಬಾಲಿಸುವುದು. ಕೋಣೆಯ ಗಾಳಿಯನ್ನೇ ಬಳಸಿ ಚಿಮಣಿಗೆ ಬಿಡುವ ಹಳೆಯ ಬಾಯ್ಲರುಗಳಲ್ಲಿ ಕಣ್ಣಿಗೆ ಬೀಳುವ ಗುರುತುಗಳು ಹಲವು: ನೀಲಿಯ ಬದಲು ತೂಗಾಡುವ ಹಳದಿ ಜ್ವಾಲೆ, ಮುಚ್ಚಳದ ಸುತ್ತ ಮಸಿ ಅಥವಾ ಕಂದು ಕಲೆ, ಕಿಟಕಿಯ ಗಾಜಿನ ಮೇಲೆ ಅತಿಯಾದ ತೇವ, ಬರ್ನರ್ ಹೊತ್ತಿಸಲೆಂದು ಸದಾ ಉರಿಯಬೇಕಾದ ಪುಟ್ಟ ಪೈಲಟ್ ಜ್ವಾಲೆ ಪದೇ ಪದೇ ಆರುವುದು. ಇವುಗಳಲ್ಲಿ ಬಾಗಿಲು ಕಿಟಕಿ ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಚಾಲೂ ಮಾಡಿ, ಚಿಮಣಿ ಬಿಸಿಯಾದ ಮೇಲೆ ಹೊಗೆಕಡ್ಡಿ ಹಿಡಿದು, ಅದರ ಹೊಗೆ ಚಿಮಣಿಯತ್ತ ಎಳೆದುಹೋಗುತ್ತದೆಯೇ ಎಂದು ನೋಡಬೇಕು. ಫ್ಯಾನ್ ಹಾಕುವುದನ್ನು ಮರೆತರೆ ಪರೀಕ್ಷೆ ವ್ಯರ್ಥ, ಏಕೆಂದರೆ ಮನೆಯವರು ಸಂಜೆ ಅಡುಗೆಗೆ ನಿಂತಾಗ ಆ ಫ್ಯಾನೇ ಚಿಮಣಿಯ ಹೊಗೆಯನ್ನು ಕೆಳಕ್ಕೆ ಎಳೆಯಬಹುದು.

ಹೊರಹೋಗುವ ಅನಿಲದ ನೀರಾವಿಯನ್ನು ತಣಿಸಿ ಅದರ ಶಾಖವನ್ನೂ ಬಳಸುವ ಈಗಿನ ಕಂಡೆನ್ಸಿಂಗ್ ಬಾಯ್ಲರುಗಳಲ್ಲಿ ಜ್ವಾಲೆ ಮುಚ್ಚಿದ ಪೆಟ್ಟಿಗೆಯೊಳಗಿರುತ್ತದೆ. ಕಣ್ಣಿಗೆ ಕಾಣುವ ಗುರುತು ಕಡಿಮೆ, ಆದ್ದರಿಂದ ಅಳತೆಯೇ ಆಧಾರ. ಇವುಗಳ ಫ್ಲೂ, ಅಂದರೆ ಉರಿದ ಅನಿಲ ಹೊರಹಾಕುವ ಕೊಳವೆ, ಒಂದರೊಳಗೊಂದು ಇಟ್ಟ ಎರಡು ಕೊಳವೆಗಳಂತಿರುತ್ತದೆ. ಒಳಗಿನದರಲ್ಲಿ ಉರಿದ ಅನಿಲ ಹೊರಕ್ಕೆ, ಅದರ ಸುತ್ತಲಿನ ಜಾಗದಲ್ಲಿ ತಾಜಾ ಗಾಳಿ ಒಳಕ್ಕೆ. ತರಬೇತಿಯಲ್ಲಿ ನಾನು ಕಂಡ ಒಂದು ಬಾಯ್ಲರ್ ಶಬ್ದವಿಲ್ಲದೆ ಉರಿಯುತ್ತಿತ್ತು, ನೀರೂ ಚೆನ್ನಾಗಿ ಕಾಯುತ್ತಿತ್ತು. ಶಿಕ್ಷಕರು ಅನಿಲಗಳ ಪ್ರಮಾಣ ಅಳೆಯುವ ಅನಲೈಸರಿನ ಕಡ್ಡಿಯನ್ನು ಮೊದಲು ಗಾಳಿ ಒಳಬರುವ ರಂಧ್ರದಲ್ಲಿ ಇಡಿಸಿದರು. ಅಲ್ಲಿ ಆಮ್ಲಜನಕ 20.6 ಶೇಕಡಕ್ಕಿಂತ ಕಡಿಮೆಯಾಗಬಾರದು, ಇಂಗಾಲದ ಡೈಆಕ್ಸೈಡ್ 0.2 ಶೇಕಡ ಮುಟ್ಟಬಾರದು. ಆಮ್ಲಜನಕದ ಅಂಕಿ ನಿಧಾನವಾಗಿ ಇಳಿದು 19.8ಕ್ಕೆ ನಿಂತಿತು. ಕೊಳವೆ ಬಿಚ್ಚಿದಾಗ ಒಳಗಿನ ಕೀಲಿನ ಕಪ್ಪು ರಬ್ಬರ್ ಸೀಲು ಒಂದು ಬದಿಯಲ್ಲಿ ಮಡಚಿಕೊಂಡು ಕೂತಿತ್ತು. ಉರಿದ ಅನಿಲ ಆ ಸಂದಿನಿಂದ ತಾಜಾ ಗಾಳಿಗೆ ಬೆರೆತು ಮತ್ತೆ ಬರ್ನರಿಗೇ ಹೋಗುತ್ತಿತ್ತು. ಜೋಡಿಸುವಾಗ ಸೀಲಿಗೆ ಸರಿಯಾದ ಜಾರುಪದಾರ್ಥ ಹಚ್ಚಿ, ತಳ್ಳಿದ ಮೇಲೆ ಒಮ್ಮೆ ಪರೀಕ್ಷಿಸಿದ್ದರೆ ಇದು ಆಗುತ್ತಿರಲಿಲ್ಲ.

ಅದಾದ ಮೇಲೆ ಫ್ಲೂವಿನೊಳಗಿನ ಅಳತೆ. ಬಾಯ್ಲರನ್ನು ಗರಿಷ್ಠ ಶಕ್ತಿಯಲ್ಲಿ ಓಡಿಸಿ, ಅಂಕಿಗಳು ಸ್ಥಿರವಾಗುವವರೆಗೆ ಕಾದು, ಕಾರ್ಬನ್ ಮಾನಾಕ್ಸೈಡ್ 350 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 350 ಪಾಲು) ಒಳಗಿದೆಯೇ, ಅದಕ್ಕೂ ಇಂಗಾಲದ ಡೈಆಕ್ಸೈಡಿಗೂ ಇರುವ ಅನುಪಾತ 0.004ರ ಒಳಗಿದೆಯೇ ಎಂದು ನೋಡಬೇಕು. ಲೆಕ್ಕ ಸುಲಭ: ಮಾನಾಕ್ಸೈಡಿನ ಪಿಪಿಎಂ ಅಂಕಿಯನ್ನು, ಡೈಆಕ್ಸೈಡಿನ ಶೇಕಡವನ್ನು ಹತ್ತು ಸಾವಿರದಿಂದ ಗುಣಿಸಿ ಬಂದ ಅಂಕಿಯಿಂದ ಭಾಗಿಸಬೇಕು. 72 ಪಿಪಿಎಂ ಮತ್ತು 9 ಶೇಕಡ ಇದ್ದರೆ 72 ಭಾಗ 90,000, ಅಂದರೆ 0.0008. ಮಾನಾಕ್ಸೈಡ್ ಒಂದನ್ನೇ ನೋಡಿದರೆ ಸಾಲದು, ಏಕೆಂದರೆ ಹೆಚ್ಚುವರಿ ಗಾಳಿ ಬೆರೆತು ತೆಳುವಾದಾಗ ಆ ಅಂಕಿ ಸುಳ್ಳಾಗಿ ಚಿಕ್ಕದಾಗಿ ಕಾಣುತ್ತದೆ. ಅನುಪಾತಕ್ಕೆ ಆ ಮೋಸ ತಗುಲುವುದಿಲ್ಲ.

ತಡವಾಗಿ ಹೊತ್ತಿಕೊಳ್ಳುವುದು ಇನ್ನೊಂದು ಬಗೆಯ ಅಪಾಯ. ಕಿಡಿ ಹಾರಿಸುವ ಎಲೆಕ್ಟ್ರೋಡ್ ಸವೆದರೆ, ಅದರ ಅಂತರ ತಪ್ಪಿದರೆ ಅಥವಾ ಬರ್ನರಿನಲ್ಲಿ ಕಸ ಕಟ್ಟಿದರೆ ಗ್ಯಾಸ್ ಕ್ಷಣಕಾಲ ಶೇಖರಗೊಂಡು ‘ಢಬ್’ ಎಂದು ಹೊತ್ತುತ್ತದೆ. ನೈಸರ್ಗಿಕ ಅನಿಲ ಗಾಳಿಯಲ್ಲಿ 5ರಿಂದ 15 ಶೇಕಡದಷ್ಟಿರುವಾಗ ಸ್ಫೋಟಿಸಬಲ್ಲದು. ಬಾಯ್ಲರ್ ಹೊತ್ತಿಕೊಳ್ಳದಿದ್ದಾಗ ಮನೆಯವರು ರೀಸೆಟ್ ಗುಂಡಿಯನ್ನು ಮೇಲಿಂದ ಮೇಲೆ ಒತ್ತುವುದು ಸಹಜ, ಆದರೆ ನಾವು ಹಾಗೆ ಮಾಡಬಾರದು. ಸಾಧನ ಏಕೆ ಕೆಲಸ ನಿಲ್ಲಿಸಿತು ಎಂಬುದಕ್ಕೆ ಉತ್ತರ ಸಿಗುವವರೆಗೆ ಅದನ್ನು ಮತ್ತೆ ಹೊತ್ತಿಸುವ ಹಕ್ಕು ನಮಗಿಲ್ಲ.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2006ರ ಅಕ್ಟೋಬರಿನಲ್ಲಿ ಗ್ರೀಸಿನ ಕಾರ್ಫು ದ್ವೀಪಕ್ಕೆ ರಜೆಗೆಂದು ಹೋಗಿದ್ದ ಇಂಗ್ಲೆಂಡಿನ ಕುಟುಂಬವೊಂದರ ಆರು ಮತ್ತು ಏಳು ವರ್ಷದ ಇಬ್ಬರು ಮಕ್ಕಳು ಹೋಟೆಲಿನ ಬಂಗಲೆಯಲ್ಲಿ ಕಾರ್ಬನ್ ಮಾನಾಕ್ಸೈಡಿನಿಂದ ಸತ್ತರು. ಬಾಯ್ಲರ್ ಇದ್ದದ್ದು ಬಂಗಲೆಗೆ ತಾಗಿದ ಹೊರಕೊಠಡಿಯಲ್ಲಿ. ವಿಷ ಗೋಡೆಯ ರಂಧ್ರದ ಮೂಲಕ ಮಲಗುವ ಕೋಣೆಗೆ ನುಗ್ಗಿತ್ತು. ಬಾಯ್ಲರನ್ನು ತಾನಾಗಿ ನಿಲ್ಲಿಸಬೇಕಿದ್ದ ಸುರಕ್ಷತಾ ಸಾಧನವನ್ನು ಶಾರ್ಟ್ ಮಾಡಿ, ಅಂದರೆ ಕೆಲಸ ಮಾಡದಂತೆ ವಿದ್ಯುತ್ತನ್ನು ಅದರ ಪಕ್ಕದಿಂದ ಹಾಯಿಸಿ, ಇಡಲಾಗಿತ್ತು. 2015ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡಿನಲ್ಲಿ ನಡೆದ ವಿಚಾರಣೆ ಇದನ್ನು ಕಾನೂನುಬಾಹಿರ ಹತ್ಯೆ ಎಂದು ತೀರ್ಮಾನಿಸಿತು. ಕೆಲಸಕ್ಕೆ ಹೋದಲ್ಲಿ ಹೀಗೆ ತುಂಡು ತಂತಿ ಸಿಕ್ಕಿಸಿದ ಥರ್ಮೋಸ್ಟಾಟ್ (ಶಾಖ ಮಿತಿಮೀರಿದಾಗ ನಿಲ್ಲಿಸುವ ಸ್ವಿಚ್) ಕಂಡರೆ ಈ ಎರಡು ಮಕ್ಕಳು ನೆನಪಾಗಲೇಬೇಕು ಎಂದು ನಾನು ಭಾವಿಸುತ್ತೇನೆ.

ನಮ್ಮೂರ ಬಚ್ಚಲುಮನೆಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಎಲ್‌ಪಿಜಿ ಗ್ಯಾಸ್ ಗೀಸರನ್ನು ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನೊಳಗೇ, ಹೊಗೆ ಹೊರಹಾಕುವ ಕೊಳವೆಯೂ ಇಲ್ಲದೆ ಕೂರಿಸಿರುತ್ತಾರೆ. ಸ್ನಾನಕ್ಕೆ ಹೋದವರು ಹೊರಬಾರದೆ, ಬಾಗಿಲು ಒಡೆದು ನೋಡುವಂತಾದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಊರಿಗೆ ಫೋನ್ ಮಾಡಿದಾಗ ಗೀಸರ್ ಎಲ್ಲಿದೆ ಎಂದು ದಯವಿಟ್ಟು ಕೇಳಿ. ಒಳಗಿದ್ದರೆ ಹೊರಗೆ ಹಾಕಿಸಲು ಹೇಳಿ.

ಇನ್ನು ನಿರ್ವಹಣೆ. ಸರ್ವಿಸ್ ಮಾಡುವವರೇ ಅಪಾಯ ತಂದಿಡುವ ಸಂದರ್ಭಗಳನ್ನು ಪಾಠದಲ್ಲಿ ಬೇಗ ದಾಟಿಬಿಡುತ್ತಾರೆ, ಆದರೆ ನನಗೆ ಇದೇ ಮುಖ್ಯವೆನಿಸಿದೆ. ಕಂಡೆನ್ಸಿಂಗ್ ಬಾಯ್ಲರಿನ ತಳದಲ್ಲಿ ನೀರು ನಿಲ್ಲುವ ಬಾಗು ಕೊಳವೆಯಿದೆ, ಅದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿನ ನೀರೇ ಫ್ಲೂ ಅನಿಲಕ್ಕೆ ಅಡ್ಡಗೋಡೆ. ತೊಳೆದ ಮೇಲೆ ನೀರು ತುಂಬದೆ ಸಿಕ್ಕಿಸಿದರೆ ಉರಿದ ಅನಿಲ ಒಳಚರಂಡಿಯ ಕೊಳವೆಗೋ ಕೋಣೆಗೋ ನುಗ್ಗಬಹುದು. ಬರ್ನರ್ ಬಾಗಿಲಿನ ಸೀಲನ್ನು ತಯಾರಕರು ಬದಲಿಸಲು ಹೇಳಿದ್ದರೂ ಹಳೆಯದನ್ನೇ ಹಾಕುವುದು, ಒತ್ತಡ ಅಳೆಯಲು ಸಡಿಲಿಸಿದ ಸ್ಕ್ರೂ ಬಿಗಿಮಾಡದೆ ಮುಚ್ಚಳ ಹಾಕುವುದು ಇದೇ ಜಾತಿಯ ತಪ್ಪುಗಳು. ಬ್ರಿಟನ್ನಿನ 1998ರ ಗ್ಯಾಸ್ ಸುರಕ್ಷತಾ ನಿಯಮಗಳ 26(9)ನೇ ನಿಯಮದ ಪ್ರಕಾರ ಉಪಕರಣದ ಮೇಲೆ ಕೆಲಸ ಮಾಡಿದ ಕೂಡಲೇ ಫ್ಲೂ, ದಹನಕ್ಕೆ ಬೇಕಾದ ಗಾಳಿ, ಗ್ಯಾಸಿನ ಒತ್ತಡ ಅಥವಾ ಶಾಖದ ಪ್ರಮಾಣ, ಸುರಕ್ಷಿತ ಕಾರ್ಯಾಚರಣೆ ಇವನ್ನು ಪರೀಕ್ಷಿಸಲೇಬೇಕು. ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ನೋಂದಾಯಿತರಾಗುವವರೆಗೆ ಮೇಲ್ವಿಚಾರಣೆಯಿಲ್ಲದೆ ಇದನ್ನೆಲ್ಲ ಮಾಡಲು ನಮಗೆ ಅನುಮತಿಯಿಲ್ಲ ಎಂಬುದನ್ನೂ ಮರೆಯಬಾರದು. ಮಾನಾಕ್ಸೈಡ್ ಅಲಾರಂ ಇರಲೇಬೇಕು, ಆದರೆ ಅದು 50 ಪಿಪಿಎಂಗೆ ಕೂಗಲು ಒಂದು ಗಂಟೆಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ಹಾಗಾಗಿ ಸರ್ವಿಸಿಗೆ ಬದಲಿಯಲ್ಲ.

ಸರ್ವಿಸ್ ಪುಸ್ತಕದಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕದೆ ಅಂಕಿಗಳನ್ನೇ ಬರೆಯಿರಿ. ಹೋದ ವರ್ಷ ಅನುಪಾತ 0.0008 ಇದ್ದು ಈ ವರ್ಷ 0.0021 ಬಂದರೆ ಎರಡೂ ಮಿತಿಯೊಳಗೇ ಇವೆ, ಅನಲೈಸರ್ ಪಾಸ್ ಎಂದೇ ತೋರಿಸುತ್ತದೆ. ಆದರೂ ಆ ದಿನ ಬರ್ನರ್ ಬಿಚ್ಚಿ, ಜ್ವಾಲೆಯ ಶಾಖವನ್ನು ನೀರಿಗೆ ದಾಟಿಸುವ ಶಾಖ ವಿನಿಮಯಕದ ಸಂದುಗಳಲ್ಲಿ ಏನು ಕಟ್ಟಿಕೊಂಡಿದೆ ಎಂದು ಟಾರ್ಚ್ ಹಾಕಿ ನೋಡಿಯೇ ಮುಚ್ಚಬೇಕು.