ಬಾವಿಯೊಳಗಿನ ಪೋರ್ಟಲ್ ಭಾನುವಾರ ಎಲ್ಲಿಗೆ ಹೋಯ್ತು?

ನಾವು ಆಡುವುದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', ಟೇಬಲ್ ಸುತ್ತ ಕೂತು ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ. ಶನಿವಾರದ ಸೆಷನ್‌ನಲ್ಲಿ ನಮ್ಮ ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವನು) ಹುಡುಗನೊಬ್ಬ ಕಥೆಯ ಊರಿನ ಸಂತೆ ಬೀದಿಯ ಬಾವಿಯೊಳಗೆ ಪೋರ್ಟಲ್, ಅಂದರೆ ಬೇರೆ ಲೋಕಕ್ಕೊಂದು ಬಾಗಿಲು, ತೆರೆದ. ನೇರವಾಗಿ ಬೆಂಕಿಯ ಲೋಕಕ್ಕೆ. ಕಟ್ಟೆಯ ಕಲ್ಲು ಕೆಂಪಗೆ ಕಾದವು, ನೀರು ಸೇದಲು ಬಂದವಳ ಹಗ್ಗ ಕೈಯಲ್ಲೇ ಹೊತ್ತಿಕೊಂಡಿತು. ಚೆನ್ನಾಗಿಯೇ ನಡೆಸಿದ, ಸುಳ್ಳು ಹೇಳಬಾರದು. ಮಾರನೇ ದಿನ ಅದೇ ಊರು, ಇನ್ನೊಬ್ಬರ ಟೇಬಲ್. ಪ್ಲೇಯರ್‌ಗಳು ಅದೇ ಬಾವಿಕಟ್ಟೆ ಮೇಲೆ ಕೂತು ಕುದುರೆಗೆ ಚೌಕಾಸಿ ಮಾಡುತ್ತಿದ್ದರು. ಎರಡೂ ದಿನ ಬಂದಿದ್ದ ಹುಡುಗಿಯೊಬ್ಬಳು ಕೇಳಿದಳು, "ಸರ್, ನಿನ್ನೆ ಇಲ್ಲಿ ಬೆಂಕಿ ಇತ್ತಲ್ವಾ?" ಡಿಎಂ ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ನೋಡಿದೆ.

ಬೆಂಗಳೂರಿನಲ್ಲಿ ನಾವು ಐದು ಜನ ಡಿಎಂಗಳು ಒಂದೇ ಲೋಕವನ್ನು ಹಂಚಿಕೊಂಡು ಈ ಆಟ ಆಡಿಸುತ್ತೇವೆ. ಮನೆಯಲ್ಲಿ ಒಬ್ಬರೇ ಆಡಿಸುವವರಿಗೆ ಈ ತಲೆನೋವು ಅಷ್ಟಾಗಿ ಇಲ್ಲ. ಲೋಕ ಹಂಚಿಕೊಂಡವರಿಗೆ ಮಾತ್ರ ನನ್ನದು ಒಂದೇ ಗೋಳು: ನಿಮ್ಮ ಸೆಷನ್ ಮುಗಿದ ಮಾತ್ರಕ್ಕೆ ಪೋರ್ಟಲ್ ಮುಗಿಯಲ್ಲ.

"ಮುಚ್ಚಿಬಿಟ್ಟೆ ಸರ್" ಅನ್ನುತ್ತಾರೆ. ಯಾರು ಮುಚ್ಚಿದ್ದು? ಯಾವುದರಿಂದ? ಮುಚ್ಚುವಾಗ ಆ ಕಡೆ ಯಾರು ನಿಂತಿದ್ದರು? ಸುಮ್ನೆ ನಗುತ್ತಾರೆ.

2014ರ ರೂಲ್ಸ್ ತೆಗೆದು ನೋಡಿ. ಬೇರೆ ಲೋಕಕ್ಕೆ ಬಾಗಿಲು ತೆರೆಯುವ 9ನೇ ಲೆವೆಲ್‌ನ 'ಗೇಟ್' ಸ್ಪೆಲ್ (ಮಂತ್ರ) ಹೆಚ್ಚೆಂದರೆ ಒಂದು ನಿಮಿಷ ನಿಲ್ಲುತ್ತದೆ. ಹಾಕಿದವನ ಗಮನ ಕದಲಿದರೆ ಅಷ್ಟೂ ಇಲ್ಲ. ಅದು ತಾನಾಗಿಯೇ ಮುಚ್ಚಿತು ಅಂದರೆ ನಾನು ಒಪ್ಪುತ್ತೇನೆ. ದೂರದ ಜಾಗಕ್ಕೆ ಒಯ್ಯುವ ಮಂತ್ರದ ವೃತ್ತ 'ಟೆಲಿಪೋರ್ಟೇಶನ್ ಸರ್ಕಲ್' ಹಾಗಲ್ಲ. ಅದನ್ನು ಶಾಶ್ವತ ಮಾಡಬೇಕಾದರೆ ಒಂದೇ ಜಾಗದಲ್ಲಿ ವರ್ಷವಿಡೀ ದಿನಾ ಆ ಸ್ಪೆಲ್ ಹಾಕಬೇಕು. ಪ್ರತಿ ಸಲ 50 ಚಿನ್ನದ ನಾಣ್ಯದ ಸೀಮೆಸುಣ್ಣ, ಶಾಯಿ ಖರ್ಚು. ಲೆಕ್ಕ ಹಾಕಿ, 18,250 ನಾಣ್ಯ. ಮಳೆ, ಜ್ವರ, ಹಬ್ಬ ಯಾವುದಕ್ಕೂ ರಜೆ ಇಲ್ಲ. ಅಷ್ಟು ಪಾಡು ಪಟ್ಟವನು ಅದನ್ನು ಕಾವಲಿಲ್ಲದೆ ಕಾಡಿನಲ್ಲಿ ಬಿಟ್ಟು ಹೋಗುತ್ತಾನಾ? ಬಿಟ್ಟಿದ್ದರೆ ಅವನಿಗೆ ಏನೋ ಆಗಿದೆ. ಆ 'ಏನೋ' ಐದೂ ಟೇಬಲ್‌ಗೆ ಗೊತ್ತಿರಬೇಕು.

1994ರಲ್ಲಿ ಇದೇ ಆಟಕ್ಕೆ ಬಂದ ಪ್ಲೇನ್‌ಸ್ಕೇಪ್ ಅನ್ನುವ ಕಥಾಲೋಕದ ಸಿಗಿಲ್ ನಗರ ನನಗೆ ಅದಕ್ಕೇ ಇಷ್ಟ. ಅಲ್ಲಿ ಯಾವ ಕಮಾನು, ಯಾವ ಕಿಟಕಿ ಚೌಕಟ್ಟು ಬೇಕಾದರೂ ಪೋರ್ಟಲ್ ಆಗಿರಬಹುದು, ಆದರೆ ತೆರೆಯಲು ಕೀಲಿ ಬೇಕು. ಕೀಲಿ ಅಂದರೆ ಒಂದು ವಸ್ತು, ಒಂದು ಮಾತು, ಒಂದು ಸನ್ನೆ. ಜೇಬಿನಲ್ಲಿ ಇರಬಾರದ್ದು ಇಟ್ಟುಕೊಂಡು ಆ ಬಾಗಿಲು ದಾಟಿದ ಅಡುಗೆಯವನ ಕಥೆ ಮುಗಿಯಿತು. ಹೀಗೆ ನಿಯಮ ಮೊದಲೇ ಇದ್ದರೆ ಯಾರು ಆಡಿಸಿದರೂ ಬಾಗಿಲು ಒಂದೇ ಥರ ನಡೆದುಕೊಳ್ಳುತ್ತದೆ.

ಈ ಆಟ ಹುಟ್ಟುಹಾಕಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1975ರಲ್ಲಿ ಟೂರ್ನಮೆಂಟ್‌ಗೆಂದು ಸಿದ್ಧಪಡಿಸಿದ ಸಾಹಸಕಥೆ 'ಟೂಂಬ್ ಆಫ್ ಹಾರರ್ಸ್'ನಲ್ಲಿ ಗೋಡೆ ಮೇಲೊಂದು ಹಸಿರು ರಾಕ್ಷಸನ ಮುಖ ಇದೆ. ತೆರೆದ ಬಾಯಿ, ಒಳಗೆ ಕಪ್ಪು. ದಾರಿ ಅಂದುಕೊಂಡು ನುಗ್ಗಿದವರು ಪೂರ್ತಿ ಇಲ್ಲವಾಗುತ್ತಾರೆ. ಟೂರ್ನಮೆಂಟ್ ಅಂದಮೇಲೆ ಆ ಬಾಯಿ ಎಲ್ಲ ಗುಂಪಿಗೂ ಒಂದೇ ಆಗಿರಬೇಕು. ಒಂದು ಟೇಬಲ್‌ನಲ್ಲಿ ಕೊಂದು, ಪಕ್ಕದ ಟೇಬಲ್‌ನಲ್ಲಿ ಬರೀ ಹೆದರಿಸಿ ಕಳಿಸಿದರೆ ಜಗಳವಾಗುತ್ತಿತ್ತು. ಅಷ್ಟು ಕ್ರೂರವಾಗಿರಿ ಅನ್ನುತ್ತಿಲ್ಲ. ಹೊಸಬರ ಟೇಬಲ್‌ನಲ್ಲಿ ನಾನಂತೂ ಅದನ್ನು ಇಡಲ್ಲ.

ಇನ್ನೊಂದು, ಅಪಾಯ ತೋರಿಸಲು ಡೈಸ್ ಜಾಸ್ತಿ ಉರುಳಿಸಬೇಕಿಲ್ಲ. ಅಕ್ಕಪಕ್ಕದವರನ್ನು ತೋರಿಸಿ. ಆ ಬೀದಿಯಲ್ಲಿ ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿರುತ್ತಾರೆ. ಬಾವಿಗೆ ಮುಖ ಮಾಡಿದ ಮನೆಗಳ ಕಿಟಕಿಗೆ ಇಟ್ಟಿಗೆ ತುಂಬಿದ್ದಾರೆ.

ಆ ಭಾನುವಾರ ಆಟ ನಿಲ್ಲಿಸಿ ಐದೂ ಜನ ಕೂತೆವು. ಶನಿವಾರದ ಹುಡುಗನಿಗೆ ಮುಖ ಸಣ್ಣದಾಗಿತ್ತು, ಪಾಪ. ಬೆಂಕಿ ಆರಿಲ್ಲ, ಹಗಲು ಮಾತ್ರ ತಣ್ಣಗಿರುತ್ತದೆ, ಸೂರ್ಯ ಮುಳುಗಿದ ಮೇಲೆ ತೆರೆದುಕೊಳ್ಳುತ್ತದೆ ಅಂತ ತೀರ್ಮಾನವಾಯಿತು. ನೋಟ್‌ಬುಕ್‌ನಲ್ಲಿ ಬರೆದು ಐವರೂ ಸಹಿ ಹಾಕಿದೆವು. ಅಷ್ಟರಲ್ಲಿ ಆ ಹುಡುಗಿ ಕುದುರೆ ವ್ಯಾಪಾರ ಬಿಟ್ಟು ಎದ್ದಿದ್ದಳು. ಅವಳ ಕ್ಯಾರೆಕ್ಟರ್ ಈಗ ಕುಂಬಾರರ ಕೇರಿಗೆ ಹೋಗಿ, ರಾತ್ರಿ ಮಡಕೆ ಸುಡಲು ಸೌದೆ ಉಳಿಸಿಕೊಡುತ್ತೇನೆ, ಎಷ್ಟು ಕೊಡ್ತೀರಿ ಅಂತ ಕೇಳುತ್ತಿದೆ.