ಆರರ ದವಡೆ, ಅರುವತ್ತರ ಒಸಡು

ನರ್ಸಿಂಗ್ ಪುಸ್ತಕ ಇಂಗ್ಲಿಷಿನಲ್ಲಿ, ಕ್ಲಾಸಿನ ಮಾತು ಮಲಯಾಳದಲ್ಲಿ. ಕಾಸರಗೋಡಿನ ಬದಿಯಡ್ಕ ಕಡೆಯ ಕನ್ನಡ ಮೀಡಿಯಂನಿಂದ ಹೋದ ನನ್ನಂಥವರಿಗೆ ಪರೀಕ್ಷೆ ಹೊತ್ತಿಗೆ ಎಲ್ಲ ಕಲಸುಮೇಲೋಗರ. ಹಾಗಾಗಿ ಯಾವ ವಯಸ್ಸಿಗೆ ಹಲ್ಲು, ಬಾಯಿಯ ಆರೈಕೆ ಹೇಗೆ ಎನ್ನುವ ಈ ಪಾಠವನ್ನು ನಮ್ಮ ಮನೆಯವರ ಬಾಯಿ ನೋಡಿಕೊಂಡೇ ಬರೆದಿದ್ದೇನೆ.

ಯಾವ ವಯಸ್ಸಿನ ಪ್ರಶ್ನೆ ಬಂದರೂ ಮೂರು ವಿಷಯ ಕೇಳಿಕೊಳ್ಳಿ: ಉಜ್ಜುವ ಕೈ ಯಾರದು, ಒಸಡು ಹೇಗಿದೆ, ಜೊಲ್ಲು ಎಷ್ಟಿದೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅಕ್ಕನ ಮಗನಿಂದ ಶುರು ಮಾಡೋಣ. ಹಾಲುಹಲ್ಲು 20. ಮೊದಲನೆಯದು ಸುಮಾರು ಆರು ತಿಂಗಳಿಗೆ ಮೂಡುತ್ತದೆ, ಮೂರು ವರ್ಷದೊಳಗೆ ಎಲ್ಲ ಬಂದಿರುತ್ತವೆ. ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಬೇಕು. ಮೂರು ವರ್ಷದವರೆಗೆ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. "ಹೇಗೂ ಬಿದ್ದುಹೋಗುವ ಹಲ್ಲು" ಅಂತ ಬಿಡುವವರು ಜಾಸ್ತಿ. ಆದರೆ ಹಾಲುಹಲ್ಲು ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದಿಡುತ್ತದೆ. ಹೊತ್ತಿಗೆ ಮೊದಲೇ ಕಿತ್ತರೆ ಪಕ್ಕದವು ವಾಲಿ ಆ ಜಾಗ ಕಬಳಿಸುತ್ತವೆ.

ಈಗ ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಹಲ್ಲು. ಆರನೇ ವರ್ಷದ ಸುಮಾರಿಗೆ ಹಾಲುದವಡೆಗಳ ಹಿಂದೆ ಸದ್ದಿಲ್ಲದೆ ಒಂದು ದವಡೆಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಸಾಯುವವರೆಗೆ ಇರಬೇಕಾದ ಹಲ್ಲು! ಅದರ ಮೇಲೆ ಆಳವಾದ ಗೆರೆಗಳು. ಮಗುವಿನ ಬ್ರಷ್ ಅಷ್ಟು ಹಿಂದಕ್ಕೆ ಹೋಗುವುದೂ ಇಲ್ಲ. ನನ್ನದು ಹಾಗೇ ಹುಳುಕಾಗಿ ಹೋಯಿತು. ಹಾಲುಹಲ್ಲನ್ನು ಎಸೆದ ಹಾಗೆ ಅದನ್ನೂ ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆದೆವು. ಹೊಸದು ಬರುತ್ತದೆಂದು ಕಾದದ್ದೇ ಬಂತು. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಕೊಡಬೇಕು. ಶೂ ಲೇಸನ್ನು ತಾನೇ ಕಟ್ಟಿಕೊಳ್ಳುವಷ್ಟು ಕೈ ಪಳಗಿದ ಮೇಲೆ ಬ್ರಷ್ ಕೊಡಿ ಅನ್ನುತ್ತಾರೆ. ಗೆರೆಗಳನ್ನು ಮುಚ್ಚುವ ಸೀಲೆಂಟ್ ಹಾಕಿಸುವುದಕ್ಕೂ ಇದೇ ಸಮಯ.

ಹದಿಹರೆಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ: ಕೋಲಾ, ಹಲ್ಲಿನ ಕ್ಲಿಪ್ಪಿನ ಸುತ್ತ ಸಿಕ್ಕಿಕೊಳ್ಳುವ ಅನ್ನ, ಹದಿನೇಳರ ನಂತರ ಬುದ್ಧಿಹಲ್ಲು.

ಅಕ್ಕ ಈಗ ಮತ್ತೆ ಬಸುರಿ. ಹಾರ್ಮೋನಿನಿಂದಾಗಿ ಒಸಡು ಊದಿ ರಕ್ತ ಬರುತ್ತದೆ. ರಕ್ತ ಕಂಡು ಉಜ್ಜುವುದು ನಿಲ್ಲಿಸಿದರೆ ಇನ್ನಷ್ಟು ಹೆಚ್ಚುತ್ತದೆ. ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದೆ ಅನ್ನುವ ಮಾತು ಸುಳ್ಳು. ಹಲ್ಲು ಕರಗಿಸುವುದು ವಾಂತಿಯ ಹುಳಿ. ವಾಂತಿಯಾದ ತಕ್ಷಣ ಉಜ್ಜಬಾರದು. ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಬೇಕು. ಹಲ್ಲಿನ ಚಿಕಿತ್ಸೆಗೆ ನಡುವಿನ ಮೂರು ತಿಂಗಳು ಅನುಕೂಲ. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರ ಬೇಡ, ಹುಟ್ಟುವ ಮಗುವಿನ ಹಲ್ಲಿಗೆ ಬಣ್ಣ ಹಿಡಿಯುತ್ತದೆ. ಇದು ಪರೀಕ್ಷೆಗೆ ಬಂದೇ ಬರುವ ಪ್ರಶ್ನೆ.

ಮುಂದಿನದು ಅಪ್ಪನ ವಯಸ್ಸು, ಅಂದರೆ ಅಡಕೆ. ತೋಟದ ದುಡ್ಡಲ್ಲೇ ಫೀಸು ಕಟ್ಟುವವಳು ಇದನ್ನು ಬರೆಯುವುದು ಸ್ವಲ್ಪ ಕಷ್ಟ. ಹೊಗೆಸೊಪ್ಪು ಬಿಟ್ಟರೆ ಸಾಕು, ಬರೀ ಅಡಕೆ ಏನೂ ಮಾಡುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಕೆಯನ್ನೂ ಕ್ಯಾನ್ಸರ್ ತರುವ ವಸ್ತು ಎಂದು ಗುರುತಿಸಿದೆ. ಅಡಕೆಯಿಂದ ಕೆನ್ನೆಯ ಒಳಗೆ ನಾರು ಬೆಳೆದು ಬಾಯಿ ಬಿಗಿಯುತ್ತದೆ. ಖಾರ ತಿಂದರೆ ಉರಿ ಅನ್ನುವುದು ಮೊದಲ ಗುರುತು. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟಾಗ ಬಾಯೊಳಗೆ ಹೋಗದಿದ್ದರೆ ತೋರಿಸಲೇಬೇಕು.

ಇನ್ನು ಅಜ್ಜಿ. ವಯಸ್ಸಾದಂತೆ ಒಸಡು ಇಳಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮಲ್ ಎಂಬ ಗಟ್ಟಿ ಹೊದಿಕೆ ಇಲ್ಲ. ಎನಾಮಲ್ ಕರಗಲು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕೆ ಇಳಿಯಬೇಕು, ಬೇರು 6ಕ್ಕಿಂತ ಮೇಲಿರುವಾಗಲೇ ಕರಗಲು ಶುರು. ಜೊತೆಗೆ ಬಿಪಿ, ನಿದ್ರೆಯಂಥ ಕೆಲವು ಮಾತ್ರೆಗಳಿಂದ ಜೊಲ್ಲು ಒಣಗುತ್ತದೆ. ಹುಳಿಯನ್ನು ತೊಳೆಯುವುದೇ ಜೊಲ್ಲು, ಅಲ್ವಾ? ಹಾಗಾಗಿ ಎಪ್ಪತ್ತು ವರ್ಷ ಗಟ್ಟಿಯಿದ್ದ ಹಲ್ಲು ಎರಡೇ ವರ್ಷದಲ್ಲಿ ಬುಡದಲ್ಲಿ ಹುಳುಕಾಗಬಹುದು. ಹಲ್ಲಿದ್ದಾಗ ಅಜ್ಜಿಗೆ ಪ್ರೀತಿಯಾಗಿದ್ದ ಉಮಿಕರಿ, ಅಂದರೆ ಸುಟ್ಟ ಭತ್ತದ ಹೊಟ್ಟಿನ ಪುಡಿ, ತರಿತರಿ. ಆ ಮೆತ್ತಗಿನ ಬೇರನ್ನು ಇನ್ನೂ ಸವೆಸುತ್ತದೆ. ಮೃದು ಬ್ರಷ್ಷೇ ಸಾಕು. ಬೆರಳು ಮಡಚಲು ಬಾರದಿದ್ದರೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ.

ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಬೇಕು. "ಹಲ್ಲೇ ಇಲ್ಲದವಳಿಗೆ ಹಲ್ಲಿನ ಡಾಕ್ಟರ್ ಯಾಕೆ ಮಗಾ?" ಎಂದು ಅಜ್ಜಿ ನಗುತ್ತಾರೆ. ಎಲೆಅಡಕೆ ಹಾಕಿದ ಬಾಯಿ ಅದು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ ಎಂದು ಹಲ್ಲಿಲ್ಲದ ಬಾಯಲ್ಲೂ ಹುಡುಕಬೇಕು. ಅಜ್ಜಿಗೆ ಟಾರ್ಚ್ ಹಿಡಿದು ನೋಡುವ ಕೆಲಸ ಈಗ ನನ್ನದು.